ಪಿಂಗಾಣಿಯ ಪದರಗಳೊಳಗೆ ಹುದುಗಿಸಿದ ವಿದ್ಯುದಂಗಗಳು

ಮಂಗಳೂರು ಹೆಂಚನ್ನು ಅರಿಯದವರು ನಮ್ಮ ವಾಚಕರಲ್ಲಿ ಒಬ್ಬರೂ ಇರಲಾರರು. ೧೮೬೫ನೆಯ ಇಸವಿಯಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟರವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ನೇತ್ರಾವತೀ ತೀರದ ಜೇಡಿಮಣ್ಣು ಎಷ್ಟೋ ಮನೆಗಳಿಗೂ ಶಾಲೆಗಳಿಗೂ ದೇವಾಲಯಗಳಿಗೂ ಮಾಡಾಗಿ ನಿಂತಿದೆ. ಆ ಹೆಂಚನ್ನು ಮಾಡತಕ್ಕವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಹಸಿಯ ಹೆಂಚು ಒಣಗುವಾಗ ಕುಗ್ಗುವುದು. ಆವಿಗೆಯಲ್ಲಿ ಬೇಯುವಾಗ ಇನ್ನೂ ಕುಗ್ಗುವುದು. ಆದುದರಿಂದ ಅಚ್ಚನ್ನು ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಮಾಡಬೇಕು. ಹಸಿಯಾಗಿರುವಾಗ ಕಂಡ ತಪ್ಪನ್ನು ತಿದ್ದಬಹುದು. ಸುಟ್ಟ ಮೇಲೆ ತಿದ್ದಲು ಬಾರದು.

ಈ ಲೇಖನದಲ್ಲಿ ನಾವು ವಿವರಿಸಬೇಕೆಂದಿರುವ ವಿಷಯವು ಹೆಂಚಿನದಲ್ಲ. ಆದರೆ ಅದೇ ಮಣ್ಣಿನ ವಿದ್ಯೆಯ ಬಹು ಸೂಕ್ಷ್ಮವಾದ ಒಂದು ಶಾಖೆಯಿದು. ಇಂದು ನಮ್ಮ ಮನೆಮನೆಗಳಲ್ಲಿ ಮೊಬೈಲ್ ಫೋನುಗಳು ಇವೆ. ತಂತಿಯಿಲ್ಲದೆ ಹಾಡು ಕೇಳಿಸುವ ಕಿವಿಯ ಸಾಧನಗಳಿವೆ. ಮೋಟಾರುಗಾಡಿಯ ಎಂಜಿನ್ನನ್ನು ನಡೆಸುವ ವಿದ್ಯುತ್ ಪೆಟ್ಟಿಗೆಗಳಿವೆ. ಇಂಥವುಗಳಲ್ಲಿ ಅನೇಕವು ಬೆರಳಿನ ಉಗುರಿಗಿಂತಲೂ ಚಿಕ್ಕದಾದ ಪಿಂಗಾಣಿಯ ಹಲಗೆಗಳನ್ನು ಒಳಗೊಂಡಿರುತ್ತವೆ. ಹೊರಗಿನಿಂದ ನೋಡಿದರೆ ಅದೊಂದು ಬರಿಯ ಬಿಳಿಯ ಅಥವಾ ನೀಲಿಯ ಚೂರು. ಒಳಗಾದರೋ ಹತ್ತಿಪ್ಪತ್ತು ಪದರಗಳು, ಪ್ರತಿಯೊಂದು ಪದರದ ಮೇಲೆ ಬೆಳ್ಳಿಯ ಗೆರೆಗಳು, ಅವುಗಳ ನಡುವೆ ಹುದುಗಿಸಿಟ್ಟ ವಿದ್ಯುದಂಗಗಳು. ಇವು ಹೇಗೆ ಉಂಟಾದವು, ಏತಕ್ಕಾಗಿ ಹುದುಗಿಸುವರು, ಹುದುಗಿಸುವುದರಲ್ಲಿ ಇರುವ ಲಾಭವೇನು, ಅಪಾಯವೇನು ಎಂಬುದನ್ನು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಿಳಿಯುವಂತೆ ಹೇಳಲು ಪ್ರಯತ್ನಿಸುವೆವು. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಈ ವಿದ್ಯೆಯನ್ನು ಕಲಿಯಬೇಕೆಂದು ಕೇಳುವ ಕಾಲ ಬಂದಿರುವುದರಿಂದ, ತಾಯಿತಂದೆಗಳು ಅದರ ಸ್ವರೂಪವನ್ನು ಅರಿತಿರುವುದು ಒಳ್ಳೆಯದು.

ಮೊದಲು ವಿದ್ಯುದಂಗಗಳೆಂದರೆ ಏನೆಂದು ನೋಡೋಣ. ವಿದ್ಯುತ್ತಿನ ಸಾಧನಗಳಲ್ಲಿರುವ ಅಂಗಗಳು ಎರಡು ಬಗೆ. ಸಂಕೇತವನ್ನು ಹೆಚ್ಚಿಸತಕ್ಕ ಅಥವಾ ಪ್ರವಾಹವನ್ನು ತೆರೆದು ಮುಚ್ಚತಕ್ಕ ಟ್ರಾನ್ಸಿಸ್ಟರು ಮುಂತಾದವುಗಳಿಗೆ ಸಕ್ರಿಯ ಅಂಗಗಳೆಂದು ಹೆಸರು. ಇವು ಸಿಲಿಕಾನ್ ಚಿಪ್ಪುಗಳಲ್ಲಿರುತ್ತವೆ. ತಾವಾಗಿ ಏನನ್ನೂ ಹೆಚ್ಚಿಸದೆ, ಬಂದ ಪ್ರವಾಹವನ್ನು ತಡೆದು, ಕೂಡಿಟ್ಟು, ನಿಧಾನಿಸಿ, ಸಕ್ರಿಯ ಅಂಗಗಳು ಕ್ರಮವಾಗಿ ಕೆಲಸ ಮಾಡುವಂತೆ ನೆರವಾಗುವ ಅಂಗಗಳು ನಿಷ್ಕ್ರಿಯ ಅಂಗಗಳು. ಹೆಸರು ನಿಷ್ಕ್ರಿಯವಾದರೂ ಅವಿಲ್ಲದೆ ಯಾವ ಸಾಧನವೂ ನಡೆಯದು. ಮನೆಯಲ್ಲಿ ಸದ್ದಿಲ್ಲದೆ ದುಡಿಯುವವರ ಹಾಗೆ ಇವು.

ನಿಷ್ಕ್ರಿಯ ಅಂಗಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ರೆಸಿಸ್ಟರ್, ಎಂದರೆ ರೋಧಕ. ಕಾಲುವೆಯನ್ನು ಕಿರಿದು ಮಾಡಿದರೆ ನೀರಿನ ಹರಿವು ಕಡಮೆಯಾಗುವಂತೆ ಇದು ಪ್ರವಾಹವನ್ನು ಮಿತಗೊಳಿಸುತ್ತದೆ. ಎರಡನೆಯದು ಕೆಪಾಸಿಟರ್, ಎಂದರೆ ಧಾರಕ. ನಮ್ಮ ಶಾಲೆಯ ವಿಜ್ಞಾನದ ಪಾಠದಲ್ಲಿ ಲೇಡನ್ ಜಾಡಿಯ ವಿಷಯವನ್ನು ಓದಿದವರಿಗೆ ಇದು ಹೊಸದಲ್ಲ: ಗಾಜಿನ ಒಳಗೊಂದು, ಹೊರಗೊಂದು ಲೋಹದ ತಗಡು, ನಡುವಣ ಗಾಜು ವಿದ್ಯುತ್ತನ್ನು ದಾಟಗೊಡದು, ಆದರೂ ಎರಡು ತಗಡುಗಳಲ್ಲಿ ವಿದ್ಯುತ್ತು ಸಂಚಯವಾಗಿ ನಿಲ್ಲುವುದು. ಮೂರನೆಯದು ಇಂಡಕ್ಟರ್, ಅಂದರೆ ತಂತಿಯ ಸುರುಳಿ. ಪ್ರವಾಹವು ಥಟ್ಟನೆ ಏರದಂತೆಯೂ ಇಳಿಯದಂತೆಯೂ ಇದು ತಡೆಯುತ್ತದೆ. ಸುರುಳಿಯನ್ನೂ ಧಾರಕವನ್ನೂ ಜತೆಗೂಡಿಸಿದರೆ, ಆಕಾಶದಲ್ಲಿ ಬರುವ ನೂರಾರು ರೇಡಿಯೋ ಅಲೆಗಳಲ್ಲಿ ಬೇಕಾದೊಂದನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕವುಗಳನ್ನು ಸೋಸಿಬಿಡುವ ಶೋಧಕವಾಗುತ್ತದೆ.

ಹಿಂದಿನ ಕಾಲದ ರೇಡಿಯೋ ಪೆಟ್ಟಿಗೆಯ ಹಿಂಬದಿಯನ್ನು ತೆಗೆದು ನೋಡಿದವರಿಗೆ ಇವು ಮೂರೂ ಕಣ್ಣಿಗೆ ಕಾಣುತ್ತಿದ್ದವು. ಬಣ್ಣದ ಪಟ್ಟೆಗಳ ಕಡ್ಡಿಗಳು, ಮೇಣದ ಕಾಗದದ ಉರುಳೆಗಳು, ತಾಮ್ರದ ಸುರುಳಿಗಳು ಒಂದೊಂದಾಗಿ ಬೆಸುಗೆಗೊಂಡಿರುತ್ತಿದ್ದವು. ಒಂದು ಕೆಟ್ಟರೆ ಅದನ್ನು ಕಿತ್ತು ಮತ್ತೊಂದನ್ನು ಹಾಕಬಹುದಿತ್ತು. ಇಂದಿನ ಫೋನಿನಲ್ಲಿ ನಿಷ್ಕ್ರಿಯ ಅಂಗಗಳ ಸಂಖ್ಯೆ ಸಕ್ರಿಯವಾದ ಚಿಪ್ಪುಗಳಿಗಿಂತ ಬಹಳ ಹೆಚ್ಚು. ಹಲಗೆಯ ಮೇಲಿನ ಸ್ಥಳವನ್ನು ಬಹುಪಾಲು ತಿನ್ನುವವೂ ಇವೇ. ಅಲ್ಲದೆ ಪ್ರತಿಯೊಂದು ಅಂಗಕ್ಕೂ ಎರಡು ಬೆಸುಗೆಗಳು ಬೇಕು; ಪ್ರತಿಯೊಂದು ಬೆಸುಗೆಯೂ ಎಂದಾದರೊಂದು ದಿನ ಬಿರಿಯಬಹುದಾದ ಸ್ಥಾನ. ಹೀಗಿರಲಾಗಿ, ಇವುಗಳನ್ನು ಹಲಗೆಯ ಮೇಲೆ ಕೂರಿಸುವುದಕ್ಕೆ ಬದಲಾಗಿ ಹಲಗೆಯ ಒಡಲಿನಲ್ಲೇ ಇಟ್ಟುಬಿಟ್ಟರೆ ಹೇಗೆಂಬ ಯೋಚನೆ ಹುಟ್ಟಿತು. ಸ್ಥಳವು ಉಳಿಯುವುದು, ಬೆಸುಗೆಗಳು ಕಡಮೆಯಾಗುವುವು, ದಾರಿಯು ಹತ್ತಿರವಾಗಿ ಸಂಕೇತವು ಕೆಡದೆ ಬೇಗನೆ ತಲಪುವುದು.

ಈ ವಿದ್ಯೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಸಿಡಿಗುಂಡುಗಳ ತಲೆಯಲ್ಲಿಡತಕ್ಕ ಪುಟ್ಟ ರೇಡಿಯೋ ಯಂತ್ರಕ್ಕಾಗಿ, ಪಿಂಗಾಣಿಯ ಬಿಲ್ಲೆಯ ಮೇಲೆ ಬೆಳ್ಳಿಯ ಬಣ್ಣದಿಂದ ತಂತಿಯ ಗೆರೆಗಳನ್ನೂ ಇಂಗಾಲದ ಮಸಿಯಿಂದ ರೋಧಕಗಳನ್ನೂ ಅಚ್ಚು ಹಾಕಿದರು. ಯುದ್ಧ ಮುಗಿದ ಮೇಲೆ, ೧೯೪೭ರಲ್ಲಿ, ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರಕಾರೀ ಸಂಸ್ಥೆಯು ಈ ಕ್ರಮಗಳನ್ನು ಎಲ್ಲರಿಗೂ ತಿಳಿಯುವಂತೆ ಒಂದು ಪುಸ್ತಿಕೆಯಾಗಿ ಪ್ರಕಟಿಸಿತು. ಕೊಲ್ಲುವುದಕ್ಕಾಗಿ ಹುಟ್ಟಿದ ಉಪಾಯವು ಹೀಗೆ ಬದುಕಿಗೆ ನೆರವಾಗುವ ಕೆಲಸಕ್ಕೆ ಬಂದಿತು. ಅದೇ ಸುಮಾರಿನಲ್ಲಿ ಗ್ಲೆನ್ ಹೊವಾಟ್ ಎಂಬವರು ಪಿಂಗಾಣಿಯ ಹಿಟ್ಟನ್ನು ತೆಳುವಾದ ಹಾಳೆಯಾಗಿ ಎರೆಯುವ ಕ್ರಮವನ್ನು ಕಂಡುಹಿಡಿದರು. ಆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಂದೇ ಗಟ್ಟಿಯಾಗಿ ಸುಡುವ ವಿದ್ಯೆ ಅದರಿಂದ ಬೆಳೆಯಿತು. ೧೯೮೦ರಲ್ಲಿ ಐಬಿಎಂ ಕಂಪೆನಿಯು ತನ್ನ ದೊಡ್ಡ ಗಣಕಯಂತ್ರಕ್ಕಾಗಿ ಮೂವತ್ತಮೂರು ಪದರಗಳ, ಒಂಬತ್ತು ಸೆಂಟಿಮೀಟರ್ ಚೌಕದ ಪಿಂಗಾಣಿಯ ಹಲಗೆಯನ್ನು ಮಾಡಿ, ಅದರ ಮೇಲೆ ನೂರಕ್ಕೆ ಮಿಕ್ಕಿ ಚಿಪ್ಪುಗಳನ್ನು ಕೂರಿಸಿತು. ೧೯೯೦ರಲ್ಲಿ ಅದೇ ಕಂಪೆನಿಯು ಪ್ರಕಟಿಸಿದ ಯಂತ್ರಗಳ ಹಲಗೆಯಲ್ಲಿ ಅರುವತ್ತಮೂರು ಪದರಗಳಿದ್ದವು.

ಈ ಎರಡು ಹಲಗೆಗಳಿಗೆ ಪದರಗಳ ಸಂಖ್ಯೆಯಲ್ಲಿ ಮಾತ್ರವಲ್ಲದೆ ಬೇರೊಂದು ದೊಡ್ಡ ಭೇದವುಂಟು. ಮೊದಲನೆಯದು ಅಲ್ಯುಮಿನವೆಂಬ ಶುಭ್ರವಾದ ಪಿಂಗಾಣಿಯಿಂದಾದುದು. ಅದನ್ನು ಗಟ್ಟಿಗೊಳಿಸಲು ಸುಮಾರು ೧೫೦೦ರಿಂದ ೧೬೦೦ ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು. ಬೆಳ್ಳಿಯು ೯೬೨ ಡಿಗ್ರಿಯಲ್ಲಿ ಕರಗುವುದು, ಬಂಗಾರವು ೧೦೬೪ರಲ್ಲಿ, ತಾಮ್ರವು ೧೦೮೫ರಲ್ಲಿ. ಆದುದರಿಂದ ಅಷ್ಟು ಉರಿಯಲ್ಲಿ ಇವು ಯಾವುವೂ ಗೆರೆಗಳಾಗಿ ನಿಲ್ಲಲಾರವು. ಮಾಲಿಬ್ಡಿನಮ್ ಅಥವಾ ಟಂಗ್‌ಸ್ಟನ್ ಲೋಹವನ್ನೇ ಉಪಯೋಗಿಸಬೇಕು. ಆದರೆ ಟಂಗ್‌ಸ್ಟನ್ ಬೆಳ್ಳಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿ ಪ್ರವಾಹವನ್ನು ತಡೆಯುತ್ತದೆ. ಇದಕ್ಕೆ ಪರಿಹಾರವಾಗಿ ಅಲ್ಯುಮಿನದ ಪುಡಿಯೊಡನೆ ಬೇಗ ಮೃದುವಾಗುವ ಗಾಜಿನ ಪುಡಿಯನ್ನು ಬೆರೆಸಿದರು. ಗಾಜು ಕರಗಿ, ಕಣಗಳ ಸಂದುಗಳನ್ನು ತುಂಬಿ, ಸುಮಾರು ೮೫೦ ಡಿಗ್ರಿಯಲ್ಲಿಯೇ ಎಲ್ಲವನ್ನೂ ಒಂದಾಗಿ ಬೆಸೆಯುತ್ತದೆ. ಆಗ ಬೆಳ್ಳಿಯ ಗೆರೆಗಳು ಕರಗದೆ ಉಳಿಯುತ್ತವೆ. ೧೯೮೦ರ ದಶಕದಿಂದ ಬಳಕೆಗೆ ಬಂದ ಈ ಕ್ರಮಕ್ಕೆ, ಕಡಮೆ ಕಾವಿನಲ್ಲಿ ಲೋಹದೊಡನೆ ಒಟ್ಟಿಗೆ ಸುಟ್ಟ ಪಿಂಗಾಣಿಯೆಂದು ಹೆಸರಾಯಿತು. ಅಂಗಗಳನ್ನು ಒಳಗೆ ಹುದುಗಿಸಲು ಅನುಕೂಲವಾದುದು ಈ ಬಗೆಯೇ. ಏಕೆಂದರೆ ೧೬೦೦ ಡಿಗ್ರಿಯ ಉರಿಯಲ್ಲಿ ಕೆಟ್ಟುಹೋಗತಕ್ಕ ರೋಧಕದ ಲೇಪಗಳೂ ೮೫೦ ಡಿಗ್ರಿಯನ್ನು ತಾಳಿಕೊಳ್ಳುತ್ತವೆ.

ಇನ್ನು ಕೆಲಸದ ಕ್ರಮವನ್ನು ನೋಡೋಣ. ಪಿಂಗಾಣಿಯ ಪುಡಿ, ಗಾಜಿನ ಪುಡಿ, ಅಂಟು, ಮೆದುಗೊಳಿಸುವ ಎಣ್ಣೆಯಂಥ ದ್ರವ್ಯ, ಇವುಗಳನ್ನು ಆರಿಹೋಗುವ ದ್ರಾವಣದಲ್ಲಿ ಕಲಸಿ ಬಹಳ ಹೊತ್ತು ಅರೆಯುವರು. ದೋಸೆಯ ಹಿಟ್ಟಿನಂತೆ ಹದವಾದ ಈ ಕಲಸನ್ನು ಚಲಿಸುತ್ತಿರುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಎರೆದು, ನೇರವಾದ ಅಲಗಿನಿಂದ ಸಮನಾಗಿ ಸವರುವರು. ಅಲಗಿಗೂ ಪಟ್ಟಿಗೂ ನಡುವೆ ಇರುವ ಸಂದು ಎಷ್ಟೋ, ಹಾಳೆಯ ದಪ್ಪವು ಅದನ್ನು ಅನುಸರಿಸುತ್ತದೆ. ಒಣಗಿದ ಮೇಲೆ ಮೆತ್ತನೆಯ, ಕತ್ತರಿಯಿಂದ ಕತ್ತರಿಸಬಹುದಾದ ಹಾಳೆ ಸಿಕ್ಕುತ್ತದೆ. ಇದನ್ನು ಹಸಿ ಹಾಳೆಯೆಂದು ಕರೆಯೋಣ. ಕುಂಬಾರರು ಸುಡದ ಮಡಕೆಯನ್ನು ಹಸಿ ಮಡಕೆಯೆನ್ನುವ ಹಾಗೆ. ಸಾಮಾನ್ಯವಾಗಿ ಇದರ ದಪ್ಪವು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಿಂದ ಕಾಲು ಭಾಗದ ವರೆಗೆ ಇರುವುದು.

ತರುವಾಯ ಪ್ರತಿಯೊಂದು ಹಾಳೆಯಲ್ಲಿಯೂ ಸೂಜಿಯ ಮೊನೆಯಂಥ ಉಳಿಗಳಿಂದಲೋ ಲೇಸರ್ ಕಿರಣದಿಂದಲೋ ಸಣ್ಣ ರಂಧ್ರಗಳನ್ನು ಕೊರೆಯುವರು. ರಂಧ್ರದ ಅಗಲ ಮಿಲಿಮೀಟರಿನ ಹತ್ತರಲ್ಲೊಂದೋ ಎರಡೋ ಭಾಗ. ಅವುಗಳಲ್ಲಿ ಬೆಳ್ಳಿಯ ಲೇಪವನ್ನು ತುಂಬುವರು. ಮಹಡಿಯಿಂದ ಮಹಡಿಗೆ ಮೆಟ್ಟಲುಗಳಿರುವಂತೆ, ಪದರದಿಂದ ಪದರಕ್ಕೆ ಪ್ರವಾಹವು ಹೋಗುವ ದಾರಿಯಿದು. ಆಮೇಲೆ ನಯವಾದ ಜಾಲರಿಯ ಮೂಲಕ ಬೆಳ್ಳಿಯ ಲೇಪವನ್ನು ಒತ್ತಿ ಗೆರೆಗಳನ್ನು ಅಚ್ಚು ಹಾಕುವರು. ಧಾರಕದ ತಗಡುಗಳೂ ಸುರುಳಿಯ ಸುತ್ತುಗಳೂ ಇಲ್ಲಿಯೇ ಮೂಡುವುವು. ರೋಧಕಕ್ಕೆ ಬೇರೆ ಲೇಪವುಂಟು. ಹೀಗೆ ಸಿದ್ಧವಾದ ಹಾಳೆಗಳನ್ನು ಗೊತ್ತಾದ ಕ್ರಮದಲ್ಲಿ ಒಂದರ ಮೇಲೊಂದು ಪೇರಿಸಿ, ಸುಮಾರು ೭೦ ಡಿಗ್ರಿ ಬೆಚ್ಚಗಿನಲ್ಲಿ, ಗಾಳಿಯ ಒತ್ತಡದ ಸುಮಾರು ಇನ್ನೂರು ಪಟ್ಟು ಒತ್ತಡದಿಂದ ಅದುಮುವರು. ಹಾಳೆಗಳು ಅಂಟಿಕೊಂಡು ಒಂದೇ ಹಲಗೆಯಾಗುವುವು.

ಕೊನೆಯದು ಬೆಂಕಿಯ ಕೆಲಸ. ಮೊದಲು ನಿಧಾನವಾಗಿ ಸುಮಾರು ೪೫೦ ಡಿಗ್ರಿಯ ವರೆಗೆ ಕಾಯಿಸಿ ಅಂಟನ್ನೆಲ್ಲ ಸುಟ್ಟು ಹೊರಡಿಸಬೇಕು. ಇಲ್ಲಿ ಆತುರಪಟ್ಟರೆ ಹೊಗೆಯು ಹೊರಬರಲು ದಾರಿಯಿಲ್ಲದೆ ಹಲಗೆಯು ಬೊಬ್ಬೆಯೇಳುವುದು ಅಥವಾ ಪದರಗಳು ಬಿಚ್ಚಿಕೊಳ್ಳುವುವು; ಸರಿಯಾಗಿ ಒಣಗದ ಹೆಂಚು ಆವಿಗೆಯಲ್ಲಿ ಬಿರಿಯುವ ಹಾಗೆ. ಅಂಟು ಹೋದ ಮೇಲೆ ೮೫೦ ಡಿಗ್ರಿಗೆ ಏರಿಸಿ ಸ್ವಲ್ಪ ಹೊತ್ತು ಇಟ್ಟು ಆರಿಸುವರು. ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಹಾಳೆಯು ಆಗ ಉದ್ದಗಲಗಳಲ್ಲಿ ಶೇಕಡ ೧೨.೭ರಷ್ಟೂ ದಪ್ಪದಲ್ಲಿ ಶೇಕಡ ೧೫ರಷ್ಟೂ ಕುಗ್ಗುವುದು. ಸುಟ್ಟ ಹಲಗೆಯು ೫೦ ಮಿಲಿಮೀಟರ್ ಇರಬೇಕಾದರೆ ಹಸಿಯಲ್ಲಿ ಅದನ್ನು ೫೭.೩ ಮಿಲಿಮೀಟರಾಗಿ ಬರೆಯಬೇಕು. ಎಲ್ಲಾ ಪದರಗಳೂ ಜತೆಯಾಗಿಯೇ ಕುಗ್ಗುವುದರಿಂದ ಒಳಗಿನ ರಂಧ್ರಗಳು ಒಂದಕ್ಕೊಂದು ತಪ್ಪುವುದಿಲ್ಲ. ಆದರೆ ಕುಗ್ಗುವಿಕೆಯಲ್ಲಿ ಶೇಕಡ ೦.೩ರಷ್ಟು ವ್ಯತ್ಯಾಸ ಬಂದರೂ ಹಲಗೆಯ ಒಂದು ಅಂಚಿನಿಂದ ಮತ್ತೊಂದಕ್ಕೆ ಮಿಲಿಮೀಟರಿನ ಆರರಲ್ಲೊಂದು ಭಾಗದಷ್ಟು ಹೆಚ್ಚುಕಡಮೆಯಾಗುವುದು. ರಂಧ್ರದ ಅಗಲವೇ ಅಷ್ಟು! ಸುಟ್ಟ ಮೇಲೆ ಮೇಲ್ಮೈಯಲ್ಲಿ ಕೂರಿಸತಕ್ಕ ಚಿಪ್ಪಿನ ಕಾಲುಗಳು ತಮ್ಮ ಸ್ಥಾನವನ್ನು ತಪ್ಪಲು ಇದು ಸಾಕು. ಇದನ್ನು ತಡೆಯಲು ಕೆಲವರು ಹಲಗೆಯ ಮೇಲೂ ಕೆಳಗೂ ಆ ಕಾವಿನಲ್ಲಿ ಕುಗ್ಗದಂಥ ಶುದ್ಧ ಅಲ್ಯುಮಿನದ ಹಾಳೆಯನ್ನಿಟ್ಟು ಸುಡುವರು. ಅದು ಉದ್ದಗಲಗಳನ್ನು ಹಿಡಿದು ನಿಲ್ಲಿಸುವುದರಿಂದ ಕುಗ್ಗುವಿಕೆಯೆಲ್ಲವೂ ದಪ್ಪದಲ್ಲಿಯೇ ಆಗುವುದು. ಸುಟ್ಟ ಮೇಲೆ ಆ ಹಾಳೆಯನ್ನು ಉಜ್ಜಿ ತೆಗೆದುಬಿಡುವರು.

ಈಗ ಮೂರು ಅಂಗಗಳನ್ನು ಒಂದೊಂದಾಗಿ ಹುದುಗಿಸಿ ನೋಡೋಣ.

ಧಾರಕವನ್ನು ಹುದುಗಿಸುವುದು ಎಲ್ಲಕ್ಕಿಂತ ಸುಲಭವೆಂದು ತೋರುವುದು. ಎರಡು ಪದರಗಳ ಮೇಲೆ ಎದುರುಬದುರಾಗಿ ಬೆಳ್ಳಿಯ ಚೌಕಗಳನ್ನು ಅಚ್ಚು ಹಾಕಿದರೆ ಆಯಿತು; ನಡುವಣ ಪಿಂಗಾಣಿಯೇ ಲೇಡನ್ ಜಾಡಿಯ ಗಾಜು. ಆದರೆ ಲೆಕ್ಕ ಹಾಕಿದರೆ ತೊಡಕು ಕಾಣುವುದು. ಈ ಪಿಂಗಾಣಿಯು ಬರಿದಾದ ಅವಕಾಶಕ್ಕಿಂತ ಸುಮಾರು ೭.೮ ಪಟ್ಟು ಹೆಚ್ಚು ವಿದ್ಯುತ್ತನ್ನು ಹಿಡಿಯಗೊಡುವುದು. ಪದರದ ದಪ್ಪವು ಮಿಲಿಮೀಟರಿನ ಹತ್ತರಲ್ಲೊಂದು ಭಾಗವಾದರೆ, ಒಂದು ಚದರ ಮಿಲಿಮೀಟರಿಗೆ ಸಿಕ್ಕುವ ಧಾರಣಶಕ್ತಿಯು ಸುಮಾರು ೦.೭ ಪಿಕೋಫ್ಯಾರಡ್. ಪಿಕೋಫ್ಯಾರಡ್ ಎಂದರೆ ಫ್ಯಾರಡಿನ ಲಕ್ಷ ಕೋಟಿಯಲ್ಲೊಂದು ಭಾಗ. ರೇಡಿಯೋ ಶೋಧಕಗಳಿಗೆ ಬೇಕಾಗುವ ೧೦ ಪಿಕೋಫ್ಯಾರಡಿಗೆ ಬದಿಗೆ ೩.೮ ಮಿಲಿಮೀಟರ್ ಇರುವ ಚೌಕ ಬೇಕು. ಆರು ತಗಡುಗಳನ್ನು ಚಿರೋಟಿಯ ಎಸಳುಗಳಂತೆ ಒಂದರ ಮೇಲೊಂದಿಟ್ಟು ಒಂದು ಬಿಟ್ಟು ಒಂದನ್ನು ಕೂಡಿಸಿದರೆ, ಬದಿಗೆ ೧.೭ ಮಿಲಿಮೀಟರ್ ಸಾಕು. ಆದರೆ ವಿದ್ಯುತ್ತಿನ ಏರುಪೇರನ್ನು ತಡೆಯಲು ಬೇಕಾಗುವ ಒಂದು ಮೈಕ್ರೋಫ್ಯಾರಡನ್ನು ಎರಡೇ ತಗಡುಗಳಿಂದ ಪಡೆಯಬೇಕಾದರೆ ಸುಮಾರು ಒಂದೂವರೆ ಚದರ ಮೀಟರ್ ಬೇಕಾಗುವುದು. ಅದು ಊಟಕ್ಕೆ ಹಾಸುವ ಚಾಪೆಯ ಅಳತೆ! ಆದುದರಿಂದ ಹೆಚ್ಚು ಧಾರಣಶಕ್ತಿಯುಳ್ಳ ಬೇರೆ ಪಿಂಗಾಣಿಯ ಹಾಳೆಯನ್ನು ನಡುವೆ ಸೇರಿಸಿ ನೋಡುವರು. ಅಲ್ಲಿ ಹೊಸ ಕಷ್ಟವುಂಟು: ಎರಡು ಬಗೆಯ ಪಿಂಗಾಣಿಗಳು ಒಂದೇ ಸಮನಾಗಿ ಕುಗ್ಗದಿದ್ದರೆ ಹಲಗೆಯು ಒಣಗಿದ ಹಪ್ಪಳದಂತೆ ಡೊಂಕಾಗುವುದು, ಇಲ್ಲವೆ ಪದರ ಬಿಡುವುದು. ಹೀಗಾಗಿ ದೊಡ್ಡ ಧಾರಕಗಳನ್ನು ಇಂದಿಗೂ ಪ್ರತ್ಯೇಕವಾಗಿ ಮಾಡಿ ಮೇಲ್ಮೈಯಲ್ಲೇ ಬೆಸೆಯುವರು. ವಿಚಿತ್ರವೇನೆಂದರೆ ಆ ಪ್ರತ್ಯೇಕ ಧಾರಕಗಳಲ್ಲಿ ಬಹಳ ಮಟ್ಟಿಗೆ ಇದೇ ಹಾಳೆ ಪೇರಿಸುವ ವಿದ್ಯೆಯೇ ಅಡಗಿದೆ.

ರೋಧಕದ ಮಾತು ಬೇರೆ. ರುಥೇನಿಯಮ್ ಎಂಬ ಲೋಹದ ಆಕ್ಸೈಡನ್ನು ಗಾಜಿನ ಪುಡಿಯೊಡನೆ ಕಲಸಿದ ಕಪ್ಪು ಲೇಪವನ್ನು ಪಟ್ಟಿಯಾಗಿ ಅಚ್ಚು ಹಾಕುವರು. ಇದರಲ್ಲೊಂದು ಸೊಗಸಾದ ನಿಯಮವುಂಟು. ಒಂದೇ ದಪ್ಪದ ಲೇಪವಾದರೆ, ಚೌಕವು ಚಿಕ್ಕದಿರಲಿ ದೊಡ್ಡದಿರಲಿ ಅದರ ರೋಧವು ಒಂದೇ. ಉದ್ದವು ಹೆಚ್ಚಿದಷ್ಟು ತಡೆಯು ಹೆಚ್ಚುವುದು, ಅಗಲವು ಹೆಚ್ಚಿದಷ್ಟು ಕಡಮೆಯಾಗುವುದು, ಎರಡೂ ಸರಿತೂಗುವುವು. ಚೌಕವೊಂದಕ್ಕೆ ನೂರು ಓಮ್ ಇರುವ ಲೇಪದಲ್ಲಿ, ಅಗಲದ ಐದರಷ್ಟು ಉದ್ದದ ಪಟ್ಟಿಯನ್ನು ಹಾಕಿದರೆ ಐನೂರು ಓಮ್. ಆದರೆ ಲೇಪದ ದಪ್ಪವು ಸ್ವಲ್ಪ ಬದಲಾದರೂ, ಸುಡುವಾಗ ಸುತ್ತಲಿನ ಗಾಜು ಲೇಪದೊಡನೆ ಬೆರೆತರೂ ಈ ಲೆಕ್ಕವು ತಪ್ಪುವುದು. ಹುದುಗಿಸಿದ ರೋಧಕವು ಶೇಕಡ ಇಪ್ಪತ್ತೋ ಮೂವತ್ತೋ ಹೆಚ್ಚುಕಡಮೆಯಾಗುವುದು ಸಾಮಾನ್ಯ. ಐನೂರು ಓಮ್ ಬೇಕೆಂದಿದ್ದಲ್ಲಿ ನಾನೂರು ಬರಬಹುದು, ಆರುನೂರು ಬರಬಹುದು.

ಮೇಲ್ಮೈಯಲ್ಲಿರುವ ರೋಧಕಕ್ಕೆ ಇದರಿಂದ ಭಯವಿಲ್ಲ. ಅದನ್ನು ಬೇಕಾದುದಕ್ಕಿಂತ ಕಡಮೆ ರೋಧವುಳ್ಳದ್ದಾಗಿ ಮೊದಲೇ ಅಚ್ಚು ಹಾಕಿ, ಸುಟ್ಟ ಮೇಲೆ ಅಳೆಯುತ್ತಾ ಲೇಸರ್ ಕಿರಣದಿಂದ ಸ್ವಲ್ಪ ಸ್ವಲ್ಪ ಸೀಳಿ, ರೋಧವನ್ನು ಏರಿಸಿ, ಶೇಕಡ ಒಂದರೊಳಗಿನ ನಿಖರಕ್ಕೆ ತರುವರು. ಹೂತುಹೋದ ರೋಧಕವನ್ನು ಆ ಕಿರಣವು ತಲಪುವುದು ಹೇಗೆ? ಕೆಲವರು ಮೇಲಿನ ಪದರದಲ್ಲಿ ಪುಟ್ಟ ಕಿಟಕಿಯನ್ನು ಬಿಡುವರು. ಕೆಲವರು ಹೆಚ್ಚಿನ ವೋಲ್ಟೇಜಿನ ಕ್ಷಣಿಕವಾದ ಹೊಡೆತಗಳಿಂದ ರೋಧವನ್ನು ಬದಲಿಸುವರು. ಆದರೂ ನಿಖರವಾಗಿರಲೇಬೇಕಾದ ರೋಧಕವನ್ನು ಮೇಲೆಯೇ ಇಡುವುದು, ಸ್ವಲ್ಪ ಹೆಚ್ಚುಕಡಮೆಯಾದರೂ ನಡೆಯುವಂಥದನ್ನು ಮಾತ್ರ ಹುದುಗಿಸುವುದು ವಿವೇಕಿಗಳ ಪದ್ಧತಿ.

ಸುರುಳಿಯನ್ನು ಹುದುಗಿಸುವುದರಲ್ಲಿ ಈ ವಿದ್ಯೆಯು ತನ್ನ ಚಾತುರ್ಯವನ್ನು ತೋರಿಸುತ್ತದೆ. ಒಂದು ಪದರದ ಮೇಲೆ ಅರ್ಧ ಸುತ್ತು. ಅದರ ತುದಿಯಿಂದ ರಂಧ್ರದ ಮೂಲಕ ಕೆಳಗಿನ ಪದರಕ್ಕೆ ಇಳಿದು ಅಲ್ಲಿ ಇನ್ನರ್ಧ ಸುತ್ತು. ಹೀಗೆಯೇ ಹತ್ತು ಪದರ ಇಳಿದರೆ ಐದು ಸುತ್ತಿನ ಸುರುಳಿಯು ಪಿಂಗಾಣಿಯೊಳಗೆ ನಿಂತಿರುತ್ತದೆ. ಕೈಯಿಂದ ತಂತಿ ಸುತ್ತಿದವರಾರೂ ಇಲ್ಲ. ಬೆಳ್ಳಿಯು ಲೋಹಗಳಲ್ಲೆಲ್ಲ ಹೆಚ್ಚಾಗಿ ಪ್ರವಾಹವನ್ನು ಹರಿಯಗೊಡುವುದರಿಂದ ಈ ಸುರುಳಿಯಲ್ಲಿ ಶಕ್ತಿಯು ಹೆಚ್ಚು ನಷ್ಟವಾಗದು.

ಸುರುಳಿಯನ್ನೂ ಧಾರಕವನ್ನೂ ಸೇರಿಸಿ ಶೋಧಕವನ್ನು ಮಾಡುವುದೇ ಈ ಹಲಗೆಗಳ ಮುಖ್ಯ ಉಪಯೋಗ. ತಂತಿಯಿಲ್ಲದ ಕಿವಿಯ ಸಾಧನವು ಉಪಯೋಗಿಸುವ ಅಲೆಗಳು ೨೪೦೦ರಿಂದ ೨೪೮೩.೫ ಮೆಗಾಹರ್ಟ್ಸಿನ ವರೆಗೆ ಇರುತ್ತವೆ; ಬಾಗಿಲಿನ ಅಗಲ ಒಟ್ಟು ೮೩.೫. ಈಗ ಪದರದ ದಪ್ಪವು ಶೇಕಡ ನಾಲ್ಕರಷ್ಟು ತಪ್ಪಿತೆನ್ನೋಣ. ಧಾರಕವೂ ಅಷ್ಟೇ ತಪ್ಪುವುದು. ಶೋಧಕದ ಅಲೆಯು ಧಾರಕದ ವರ್ಗಮೂಲವನ್ನು ಅನುಸರಿಸುವುದರಿಂದ ಅದು ಶೇಕಡ ಎರಡರಷ್ಟು, ಎಂದರೆ ೪೯ ಮೆಗಾಹರ್ಟ್ಸ್ ಸರಿಯುವುದು. ಬಾಗಿಲಿನ ಅರ್ಧಕ್ಕಿಂತ ಹೆಚ್ಚು ಭಾಗವು ಗೋಡೆಗೆ ಸರಿದಂತಾಯಿತು. ಕೂದಲಿನ ದಪ್ಪದ ಪದರದಲ್ಲಿ ಶೇಕಡ ನಾಲ್ಕು ಎಷ್ಟು ಅಲ್ಪವೆಂದು ಯೋಚಿಸಿದರೆ, ಈ ಕೆಲಸಕ್ಕೆ ಬೇಕಾದ ಜಾಗ್ರತೆಯ ಮಟ್ಟವು ತಿಳಿಯುವುದು.

ಇಲ್ಲಿಗೆ ನಮ್ಮ ವಿಷಯದ ತಿರುಳಿಗೆ ಬಂದೆವು. ಹುದುಗಿಸಿದ್ದನ್ನು ತೆಗೆಯಲಾಗದು. ಇಪ್ಪತ್ತು ಪದರಗಳ ಹಲಗೆಯಲ್ಲಿ ಹದಿಮೂರನೆಯ ಹಾಳೆಯ ಒಂದು ರಂಧ್ರಕ್ಕೆ ಬೆಳ್ಳಿ ತುಂಬದೆ ಹೋದರೆ ಹಲಗೆಯೆಲ್ಲವೂ ವ್ಯರ್ಥ. ಒಂದು ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಪೇರಿಸಿದರೂ ಹಾಗೆಯೇ. ಲೆಕ್ಕವನ್ನು ನೋಡಿರಿ: ನೂರರಲ್ಲಿ ತೊಂಬತ್ತೊಂಬತ್ತು ಹಾಳೆಗಳು ನಿರ್ದೋಷವಾಗಿದ್ದರೂ, ಇಪ್ಪತ್ತು ಹಾಳೆಗಳನ್ನು ಪರೀಕ್ಷಿಸದೆ ಪೇರಿಸಿದರೆ ನೂರು ಹಲಗೆಗಳಲ್ಲಿ ಎಂಬತ್ತೆರಡು ಮಾತ್ರ ಒಳ್ಳೆಯವಾಗುವುವು. ನೂರರಲ್ಲಿ ತೊಂಬತ್ತೈದು ಹಾಳೆಗಳು ಮಾತ್ರ ನಿರ್ದೋಷವಾದರೆ, ಒಳ್ಳೆಯ ಹಲಗೆಗಳು ಮೂವತ್ತಾರಕ್ಕೆ ಇಳಿಯುವುವು. ಅದೇ ಪ್ರತಿಯೊಂದು ಹಾಳೆಯನ್ನೂ ಹಸಿಯಾಗಿರುವಾಗಲೇ ದೀಪದ ಮುಂದೆ ಹಿಡಿದು, ರಂಧ್ರಗಳನ್ನೂ ಗೆರೆಗಳನ್ನೂ ಪರೀಕ್ಷಿಸಿ, ಕೆಟ್ಟುದನ್ನು ಬದಿಗಿಟ್ಟರೆ, ನಷ್ಟವಾಗುವುದು ಒಂದು ಹಾಳೆ ಮಾತ್ರ. ಈ ಪರೀಕ್ಷೆಯನ್ನು ಈಗ ಹೆಚ್ಚಾಗಿ ಯಂತ್ರದ ಕಣ್ಣೇ ಮಾಡುವುದಾದರೂ, ಯಾವುದನ್ನು ದೋಷವೆಂದು ಎಣಿಸಬೇಕೆಂಬುದನ್ನು ಯಂತ್ರಕ್ಕೆ ಕಲಿಸತಕ್ಕವರು ಮನುಷ್ಯರೇ.

ಹುದುಗಿಸುವುದರಿಂದ ಮತ್ತೊಂದು ಪ್ರಶ್ನೆಯೂ ಏಳುತ್ತದೆ; ಇದನ್ನು ಮರೆಮಾಡುವುದು ನ್ಯಾಯವಲ್ಲ. ಹಳೆಯ ರೇಡಿಯೋವನ್ನು ಊರಿನ ಬೆಸುಗೆಯವನು ರಿಪೇರಿ ಮಾಡಬಲ್ಲವನಾಗಿದ್ದನು. ಪಿಂಗಾಣಿಯೊಳಗಿನ ರೋಧಕವನ್ನು ಯಾರೂ ರಿಪೇರಿ ಮಾಡಲಾರರು, ಹಲಗೆಯನ್ನೇ ಬದಲಿಸಬೇಕು. ಅದರೊಳಗಿನ ಬೆಳ್ಳಿಯನ್ನು ಬೇರ್ಪಡಿಸುವುದೂ ಸುಲಭವಲ್ಲ. ಹಾಗಾದರೆ ಹುದುಗಿಸುವುದು ತಪ್ಪೇ? ಹಾಗೆ ಹೇಳಲಾಗದು. ಕಾವು, ತೇವ, ಅಲುಗಾಟಗಳ ನಡುವೆ ಇರತಕ್ಕ ಎಂಜಿನ್ನಿನ ಪೆಟ್ಟಿಗೆಯಲ್ಲಿ, ಆಕಾಶಕ್ಕೆ ಹೋದ ಉಪಗ್ರಹದಲ್ಲಿ, ರಿಪೇರಿ ಮಾಡುವವನು ಹೇಗೂ ತಲಪಲಾರನು. ಅಲ್ಲಿ ಕೆಡದಿರುವುದೇ ಮುಖ್ಯ. ಪಿಂಗಾಣಿಯು ತನ್ನೊಳಗಿಟ್ಟುದನ್ನು ಗಾಳಿಯೂ ನೀರೂ ಸೋಂಕದಂತೆ ಕಾಯುತ್ತದೆ. ಆದರೆ ಎರಡೇ ವರುಷಗಳಲ್ಲಿ ಬಿಸಾಡಲೆಂದು ಮಾಡಿದ ಆಟದ ಸಾಮಾನಿನಲ್ಲಿ ಇಷ್ಟು ಬಾಳುವ ವಸ್ತುವನ್ನು ಹೂಳುವುದು ಯೋಗ್ಯವೋ ಎಂಬುದನ್ನು ಮುಂದೆ ಇವುಗಳನ್ನು ರಚಿಸುವವರು ಯೋಚಿಸಬೇಕು. ಯಾವುದನ್ನು ಹುದುಗಿಸಬೇಕು, ಯಾವುದನ್ನು ಕೈಗೆಟುಕುವಂತೆ ಹೊರಗಿಡಬೇಕು ಎಂಬ ವಿವೇಚನೆಯೇ ಈ ವಿದ್ಯೆಯಲ್ಲಿ ಅತ್ಯಂತ ಕಷ್ಟವಾದುದು.

ನಮ್ಮ ದೇಶದಲ್ಲಿಯೂ ಈ ಕೆಲಸವುಂಟು. ಪುಣೆಯಲ್ಲಿ ಸಿ-ಮೆಟ್ ಎಂದು ಕರೆಯಲ್ಪಡುವ ಸರಕಾರೀ ಸಂಶೋಧನಾ ಸಂಸ್ಥೆಯು ಇಂಥ ಹಾಳೆಗಳ ಮತ್ತು ಲೇಪಗಳ ವಿಷಯದಲ್ಲಿ ಶೋಧನೆ ನಡೆಸಿದೆ. ಈ ದಾರಿಯಲ್ಲಿ ಹೋಗಬೇಕೆನ್ನುವ ಹುಡುಗಿಗೆ ಬೇಕಾದುದು ಏನೆಂದು ಪೋಷಕರು ಕೇಳುವರು. ಪಿಂಗಾಣಿಯ ಗುಣವನ್ನರಿಯಲು ರಸಾಯನಶಾಸ್ತ್ರ, ಅಲೆಗಳನ್ನರಿಯಲು ಭೌತಶಾಸ್ತ್ರ, ಲೆಕ್ಕಕ್ಕೆ ಗಣಿತ, ಪದರಗಳನ್ನು ಮನಸ್ಸಿನಲ್ಲಿ ಕಾಣಲು ಚಿತ್ರಲೇಖನ. ಇವೆಲ್ಲಕ್ಕೂ ಬುನಾದಿಯು ಪ್ರೌಢಶಾಲೆಯಲ್ಲಿಯೇ ಬೀಳುವುದು. ಹತ್ತನೆಯ ತರಗತಿಯ ತರುವಾಯ ಗಣಿತವನ್ನು ಬಿಡಿಸಿದರೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಮಗಳು ಕೇಳಿದಾಗ ತಾಯಿತಂದೆಗಳು ಇದನ್ನು ನೆನೆಯಬೇಕೆಂಬುದು ನಮ್ಮ ಬಿನ್ನಹ.

ಯೆರೆಮೀಯನ ಪುಸ್ತಕದ ಹದಿನೆಂಟನೆಯ ಅಧ್ಯಾಯದಲ್ಲಿ ಕುಂಬಾರನು ಚಕ್ರದ ಮೇಲೆ ಕೆಟ್ಟುಹೋದ ಜೇಡಿಮಣ್ಣನ್ನು ಬಿಸಾಡದೆ, ಅದನ್ನೇ ಬೇರೊಂದು ಪಾತ್ರೆಯಾಗಿ ಮಾಡುವುದನ್ನು ಓದಿದ್ದೇವೆ. ಮುಂದಿನ ಅಧ್ಯಾಯದಲ್ಲಾದರೋ ಒಡೆದ ಮಡಕೆಯು ಮತ್ತೆ ಕೂಡದು. ಹಸಿಗೂ ಸುಟ್ಟುದಕ್ಕೂ ಇರುವ ಭೇದವನ್ನು ಆ ಎರಡು ಅಧ್ಯಾಯಗಳು ತಿಳಿಸುತ್ತವೆ. ಪಿಂಗಾಣಿಯ ಹಲಗೆಯನ್ನು ಮಾಡುವವರು ದಿನದಿನವೂ ಕಾಣುವ ಭೇದವೂ ಅದೇ. ಎಳೆಯ ಮಕ್ಕಳ ಮನಸ್ಸಿನಲ್ಲಿ ಪದರ ಪದರವಾಗಿ ಹುದುಗಿಸಿದ್ದು ಹೊರಗೆ ಕಾಣದಿದ್ದರೂ ಒಳಗಿನಿಂದ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಉಪಾಧ್ಯಾಯಿನಿಯರು ಅರಿತಿದ್ದರು. ಅದಕ್ಕಾಗಿಯೇ ಒಂದೊಂದು ಹಾಳೆಯನ್ನೂ ದೀಪಕ್ಕೆ ಹಿಡಿದು ನೋಡುವವರಂತೆ ನಮ್ಮ ಪುಸ್ತಕಗಳನ್ನೂ ನಡತೆಯನ್ನೂ ನೋಡಿದರು. ಆದರೆ ಈ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಮನುಷ್ಯನು ಸುಟ್ಟ ಹಲಗೆಯಲ್ಲ. ಅವನ ವಿಷಯದಲ್ಲಿ ಯಾವ ತಪ್ಪೂ ತಿದ್ದಲಾಗದ ತಪ್ಪಲ್ಲ. ಕರ್ತನ ಕೈಯಲ್ಲಿ ನಾವು ಕೊನೆಯ ವರೆಗೂ ಹಸಿಯ ಮಣ್ಣೇ ಆಗಿದ್ದೇವೆ. ಹಲಗೆಗಾದರೋ ಎರಡನೆಯ ಅವಕಾಶವಿಲ್ಲ. ಆದುದರಿಂದ ಅದನ್ನು ಮಾಡುವವರು ಬೆಂಕಿಗೆ ಇಡುವ ಮುಂಚೆ ಇನ್ನೊಮ್ಮೆ ನೋಡುವರು. ಆ ಕಣ್ಣುಗಳಲ್ಲಿ ಕೆಲವು ನಮ್ಮ ಶಾಲೆಯಲ್ಲಿ ಓದಿದವರ ಕಣ್ಣುಗಳಾಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುವೆವು.